ರಜನಿಯ ಉಳ್ಳಾಗಡ್ಡಿ ಹೂ

"ಇಲ್ಲೇ ಇತ್ರಿ ಟೀಚರ್! ಖರೇನ ಇಲ್ಲೇ ಇತ್ತು!"

ರಜನಿ ನೆಲಕ್ಕೆ ಮೊಣಕಾಲೂರಿ ಸಾಗವಾನಿ ಮರದ ಒಣ ಎಲೆಗಳನ್ನು ಎರಡೂ ಕೈಯಿಂದ ಸರಿಸುತ್ತಿದ್ದಳು. ಅವಳ ಸುತ್ತ ಐದನೇ ತರಗತಿಯ ಹನ್ನೆರಡು ಮಕ್ಕಳು, ಎದುರಿಗೆ ಸುಕನ್ಯಾ ಟೀಚರ್. ಎಲ್ಲರೂ ಬಗ್ಗಿ ನೋಡಿದರು. ನಿನ್ನೆ ರಜನಿ ಆರಿಸಿ ತಂದು ದುಂಡಗೆ ಜೋಡಿಸಿದ್ದ ಬಿಳಿ ಕಲ್ಲುಗಳು ಇದ್ದ ಹಾಗೇ ಇದ್ದವು. ಕಲ್ಲುಗಳ ನಡುವೆ ಇರಬೇಕಾದ ಹೂ ಮಾತ್ರ ಇರಲಿಲ್ಲ.

"ಹೆಂಗಿತ್ತು ಹೇಳು ನೋಡೂಣು," ಎಂದರು ಟೀಚರ್.

"ಬಿಳೀದ್ರಿ. ನಡುವ ನೇರಳಿ ಬಣ್ಣ. ಎಲಿ ಇಲ್ಲ, ಟೊಂಗಿ ಇಲ್ಲ, ನೆಲದಾಗಿಂದ ಸೀದಾ ಹೂನ ಬಂದಿತ್ರಿ! ವಾಸನಿ ಅಂತೂ..." ರಜನಿ ಆ ವಾಸನೆಗೆ ಸರಿಯಾದ ಮಾತು ಹುಡುಕಿದಳು. ಸಿಗಲಿಲ್ಲ.

"ಎಲಿ ಇಲ್ದ, ಗಿಡ ಇಲ್ದ ಬರೇ ಹೂ?" ಎಂದ ಮುತ್ತು. "ಆಮ್ಯಾಲ ಕಾಲ ಬಂದು ಓಡಿ ಹೋತೇನು?"

ಎಲ್ಲರೂ ನಕ್ಕರು. ಮುತ್ತು ಇನ್ನಷ್ಟು ಬಗ್ಗಿ ಕಲ್ಲುಗಳ ನಡುವೆ ಬೆರಳು ತೋರಿಸಿದ. ಅಲ್ಲಿ ಮಣ್ಣಿನಿಂದ ಚೂಪಾದ ನಾಲ್ಕೈದು ಕೆಂಪು ತುದಿಗಳು ಇಣುಕುತ್ತಿದ್ದವು. ಪಕ್ಕದಲ್ಲಿ ಬಾಡಿದ ಏನೋ ಒಂದು ಮುದ್ದೆಯಾಗಿ ಬಿದ್ದಿತ್ತು.

"ಟೀಚರ್, ಸಿಕ್ತ್ರಿ! ಉಳ್ಳಾಗಡ್ಡಿ ಮೊಳಕಿ!"

ಈ ಸಲ ನಗು ಕೆಲಗೇರಿ ಕೆರೆಯ ಆಚೆ ದಂಡೆಗೂ ಕೇಳಿಸಿರಬೇಕು. ನೀರಲ್ಲಿ ನಿಂತಿದ್ದ ಕೊಕ್ಕರೆಯೊಂದು ಹಾರಿಹೋಯಿತು. ಸುಕನ್ಯಾ ಟೀಚರ್ ನಗಲಿಲ್ಲ. ಆದರೆ ತಮ್ಮ ಪುಸ್ತಕವನ್ನು ಮುಚ್ಚಿ, "ಇರ್ಲಿ ಬಿಡವಾ, ಮುಂದಿನ ರವಿವಾರ ನೋಡೂಣು," ಎಂದು ಎದ್ದುಬಿಟ್ಟರು. ಅದು ನಗುವುದಕ್ಕಿಂತ ಕಷ್ಟವಾಯಿತು ರಜನಿಗೆ.

ಆ ಪುಸ್ತಕದ ವಿಷಯ ಹೇಳಬೇಕು. ಶಿವರಾತ್ರಿ ಮುಗಿದಾಗಿನಿಂದ ಪ್ರತಿ ರವಿವಾರ ಮುಂಜಾನೆ ಸುಕನ್ಯಾ ಟೀಚರ್ ಮಕ್ಕಳನ್ನು ಕರೆದುಕೊಂಡು ಕೆರೆಯ ಸುತ್ತ ಕಾಡುಹೂ ಹುಡುಕಲು ಹೋಗುತ್ತಿದ್ದರು. ನಿಯಮ ಮೂರೇ: ನೋಡಬೇಕು, ಬರೆಯಬೇಕು, ಹರಿಯಬಾರದು. ಕಂಡ ಹೂಗಳೆಲ್ಲ ಟೀಚರ್ ಪುಸ್ತಕದಲ್ಲಿ ಸೇರುತ್ತಿದ್ದವು. ಪ್ರತಿ ಹೂವಿನ ಮುಂದೆ 'ಮೊದಲು ಕಂಡವರು' ಎಂದು ಒಂದು ಗೆರೆ. ಅಲ್ಲಿ ಮುತ್ತುವಿನ ಹೆಸರು ಮೂರು ಸಲ ಬಂದಿತ್ತು. ಸದಾ ನೆಗಡಿ ಹಿಡಿದು ಮೂಗೊರೆಸುವ ಹುಲಗೇಶನ ಹೆಸರೂ ಒಂದು ಸಲ ಬಂದಿತ್ತು. ರಜನಿಯ ಹೆಸರು ಒಮ್ಮೆಯೂ ಬಂದಿರಲಿಲ್ಲ. ಅವಳು ಎಕ್ಕೆ ಹೂ ಎನ್ನುವಷ್ಟರಲ್ಲಿ ಯಾರೋ ಅದನ್ನು ಆಗಲೇ ಬರೆಸಿರುತ್ತಿದ್ದರು.

ಪರೀಕ್ಷೆ ಮುಗಿದಿತ್ತು. ಇನ್ನೊಂದು ವಾರಕ್ಕೆ ಶಾಲೆಗೆ ರಜೆ. ಅಂದರೆ ಉಳಿದದ್ದು ಒಂದೇ ರವಿವಾರ.

ಇಂಥದ್ದರಲ್ಲಿ ಹೋದ ಬುಧವಾರ ಗುಡುಗು ಹಾಕಿ ಬೇಸಿಗೆಯ ಒಂದು ಅಡ್ಡಮಳೆ ಬಿದ್ದಿತ್ತು. ಶನಿವಾರ ಮುಂಜಾನೆಯ ಶಾಲೆ ಬಿಟ್ಟು ಕೆರೆಯ ದಾರಿಯಲ್ಲಿ ಬರುವಾಗ ರಜನಿಯ ಮೂಗಿಗೆ ಘಮ್ಮೆಂದು ಏನೋ ಬಡಿಯಿತು. ಮೂಗು ಕರೆದುಕೊಂಡು ಹೋದ ಕಡೆ ಹೋದಳು. ಸಾಗವಾನಿ ಮರದ ಕೆಳಗೆ, ಒಣಗಿದ ಎಲೆಗಳ ನಡುವೆ, ಹೂ! ಖುಷಿಗೆ ಒಬ್ಬಳೇ ಎರಡು ಸಲ ಜಿಗಿದಳು. ಫೋಟೋ ತೆಗೆಯಲು ಕೈಯಲ್ಲಿ ಫೋನಿರಲಿಲ್ಲ. ಗುರುತಿಗೆಂದು ಸುತ್ತ ಬಿಳಿ ಕಲ್ಲು ಇಟ್ಟು ಮನೆಗೆ ಓಡಿ, ಅವ್ವನ ಫೋನಿನಿಂದ ಕ್ಲಾಸಿನ ಗ್ರೂಪಿಗೆ ವಾಯ್ಸ್ ಮೆಸೇಜ್ ಕಳಿಸಿದಳು: "ನಾಳೆ ಎಲ್ಲಾರೂ ಬರ್ರಿ. ಯಾರೂ ನೋಡಿರಲಾರದ ಹೂ ತೋರಿಸ್ತೇನಿ. ಸರ್‌ಪ್ರೈಸ್!"

ಸರ್‌ಪ್ರೈಸ್ ಕೆಡಬಾರದೆಂದು ಮನೆಯಲ್ಲೂ ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಈಗ ನೋಡಿ, ಅದೇ ರಜನಿ ಮನೆಯ ದಾರಿಯಲ್ಲಿ ಕಾಲೆಳೆಯುತ್ತ ಬರುತ್ತಿದ್ದಾಳೆ. ಹಿಂದಿನಿಂದ ಮುತ್ತು, "ಉಳ್ಳಾಗಡ್ಡೀ! ಟಾಟಾ!" ಎಂದು ಕೂಗುತ್ತಿದ್ದಾನೆ.

ಮನೆಯಲ್ಲಿ ಆಯಿ ಪೂಜೆಗೆ ಕೂತಿದ್ದಳು. ಆಯಿ ಎಂದರೆ ರಜನಿಯ ಅಪ್ಪನ ತಾಯಿ, ಗೌರಕ್ಕ. ದಿನವೂ ಮುಂಜಾನೆ ಐದಕ್ಕೆ ಎದ್ದು, ಜಳಕ ಮಾಡಿ, ಬೆತ್ತದ ಬುಟ್ಟಿ ಹಿಡಿದು ಹೂ ತರಲು ಹೊರಡುತ್ತಾಳೆ. ದಾರಿಯಲ್ಲಿ ಯಾರ ಕಾಂಪೌಂಡಿನಿಂದ ಯಾವ ಹೂ ಹೊರಗೆ ಇಣುಕಿದರೂ ಅದು ಬುಟ್ಟಿಗೆ ಬಂತೆಂದೇ ಲೆಕ್ಕ. ಮೂಲೆಮನೆಯ ಗೋವಿಂದಪ್ಪ ಮಾಸ್ತರರು ಬೇಸತ್ತು ದಾಸವಾಳದ ಗಿಡಕ್ಕೆ 'ಹೂ ಹರಿಯಬಾರದು' ಎಂದು ಬೋರ್ಡು ತೂಗುಹಾಕಿದ್ದರು. "ನಸಿಕಿನ್ಯಾಗ ನಾ ಚಾಳೀಸ ಹಾಕ್ಕೊಂಡಿರೂದಿಲ್ರೀ ಮಾಸ್ತರ," ಎಂದಿದ್ದಳು ಆಯಿ. ಕನ್ನಡಕವಿಲ್ಲದೆ ಬೋರ್ಡು ಕಾಣುವುದಿಲ್ಲವಂತೆ, ಹೂ ಮಾತ್ರ ಕಾಣುತ್ತದಂತೆ. ಓಣಿಯವರೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದರು.

ಪೂಜೆಯ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ರಜನಿ ಚಪ್ಪಲಿ ಬಿಟ್ಟು ಸುಮ್ಮನೆ ಒಳಗೆ ಬಂದಳು. ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

ಘಮ್ಮೆನ್ನುವ ಅದೇ ವಾಸನೆ!

ಆಯಿಯ ಎಡಗೈಯಲ್ಲಿ ಕಪ್ಪಗೆ ಹೊಳೆಯುವ ಪುಟ್ಟ ಲಿಂಗ. ಲಿಂಗದ ಮೇಲೆ ಒಂದು ಹೂ. ಬಿಳಿಯದು, ನಡುವೆ ನೇರಳೆ ಬಣ್ಣ.

ರಜನಿಯ ಬಾಯಿ ತೆರೆಯಿತು. ಕಿರುಚಬೇಕು ಎನ್ನಿಸಿತು. ಆದರೆ ಪೂಜೆ! ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಯಿಯ ಕಣ್ಣು ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ಆ ಪೂಜೆ ಅವತ್ತು ಮುಗಿಯುವುದೇ ಇಲ್ಲವೇನೋ ಎಂಬಂತೆ ನಡೆಯಿತು. ಆಯಿ ಕಣ್ಣು ಬಿಟ್ಟ ಕೂಡಲೇ ಏನೇನು ಹೇಳಬೇಕೆಂದು ರಜನಿ ಒಂದೊಂದಾಗಿ ಯೋಚಿಸಿ ಇಟ್ಟುಕೊಂಡಳು. ನೀ ಯಾಕ ಹರದಿ? ಅದು ನಂದು! ನಾ ಹುಡುಕಿದ್ದು! ಎಲ್ಲಾರೂ ನನಗ ನಕ್ರು!

ಆಯಿ ಕಣ್ಣು ಬಿಟ್ಟಳು. ಕಣ್ಣು ಒದ್ದೆಯಾಗಿತ್ತು.

"ರಜನೀ, ಬಾ ಇಲ್ಲೆ, ಬಾ ನಮ್ಮವ್ವ! ಇದನ್ನ ನೋಡು. ನೆಲಸಂಪಗಿ ಅಂತಾರ ಇದಕ್ಕ. ನನ್ನ ತವರೂರ ಮುಗದದಾಗ ನಾ ನಿನ್ನಷ್ಟಾಕಿ ಇದ್ದಾಗ ನೋಡಿದ್ದು. ಅಡ್ಡಮಳಿ ಬಿದ್ದ ನಾಕನೇ ದಿನಕ್ಕ ಹುಡುಗ್ಯಾರೆಲ್ಲಾ ಗುಂಪ ಕಟ್ಟಿಕೊಂಡು ಹುಡುಕಾಕ ಹೋಗತಿದ್ವಿ. ಲಗ್ನಾಗಿ ಈ ಊರಿಗೆ ಬಂದು ಐವತ್ತ ವರ್ಷ ಆತು, ಒಮ್ಮೀನೂ ಕಣ್ಣಿಗೆ ಬಿದ್ದಿರಲಿಲ್ಲ. ಇವತ್ತ ಶಿವಾ ತಾನ ತೋರಿಸಿದ ನೋಡು!"

ಆಯಿ ಅಷ್ಟು ನಕ್ಕಿದ್ದನ್ನು ರಜನಿ ನೋಡಿಯೇ ಇರಲಿಲ್ಲ. ಇಲ್ಲದ ಎರಡು ಹಲ್ಲಿನ ಜಾಗವೂ ಕಾಣುವಂತೆ ನಗುತ್ತಿದ್ದಳು.

"ಯಾರೋ ಪುಣ್ಯಾತ್ಮರು ಸುತ್ತ ಬಿಳೇ ಕಲ್ಲ ಇಟ್ಟಿದ್ರವಾ. ಅದಕ್ಕ ಕಂಡ್ತು. ಇಲ್ಲಾಂದ್ರ ಚಾಳೀಸ ಇಲ್ದ ನನಗೆಲ್ಲೆ ಕಾಣಬೇಕು?"

ಆ ಪುಣ್ಯಾತ್ಮಳು ಎದುರಿಗೇ ನಿಂತಿದ್ದಳು. ಯೋಚಿಸಿಟ್ಟ ಮಾತೆಲ್ಲ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಇಷ್ಟು ನಗುತ್ತಿರುವವರಿಗೆ ಅದನ್ನು ಹೇಳುವುದು ಹೇಗೆ?

"ಛಲೋ ಐತಿ ಆಯಿ," ಎಂದು ರಜನಿ ಸೀದಾ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡಳು. ಎರಡು ಸಲ ತೊಳೆದುಕೊಂಡಳು.

ಸೋಮವಾರ ಶಾಲೆಯಲ್ಲಿ ಅವಳಿಗೆ ಹೊಸ ಹೆಸರು ಕಾದಿತ್ತು. "ಉಳ್ಳಾಗಡ್ಡಿ ಬಂದ್ಳು, ಕಣ್ಣಾಗ ನೀರ ಬರತಾವ, ಸರೀರಿ!" ಎಂದ ಮುತ್ತು. ಪಾಠವೇನೂ ಇರಲಿಲ್ಲವಲ್ಲ, ಹೊತ್ತು ಹೋಗಬೇಕಲ್ಲ, ಎಲ್ಲರಿಗೂ ಅದೇ ಆಟವಾಯಿತು. ಮಧ್ಯಾಹ್ನದ ಊಟದಲ್ಲಿ ಹುಲಗೇಶ ತನ್ನ ತಟ್ಟೆಯಿಂದ ಒಂದು ಉಳ್ಳಾಗಡ್ಡಿ ಹೋಳನ್ನು ಎತ್ತಿ ರಜನಿಯ ಕಿವಿಯ ಮೇಲೆ ಹೂವಿನಂತೆ ಮುಡಿಸಲು ಬಂದ. ರಜನಿ ಅವನನ್ನು ಅಂಗಳದ ಸುತ್ತ ಅಟ್ಟಿಸಿಕೊಂಡು ಹೋದಳು.

"ಟೀಚರಿಗೆ ಸುಳ್ಳ ಹೇಳಿದ್ಯಲ್ಲಾ," ಎಂದ ಮುತ್ತು, ಈ ಸಲ ನಗದೆ. "ಗ್ರೂಪಿನ್ಯಾಗ ಬ್ಯಾರೆ ಹಾಕಿದಿ."

"ನಾ ಸುಳ್ಳ ಹೇಳಿಲ್ಲ."

"ಹಂಗಾರ ಹೂ ಎಲ್ಲೆ ಹೋತು?"

ಒಂದು ಮಾತು ಸಾಕಿತ್ತು. ನಮ್ಮ ಆಯಿ ಹರದಾಳ. ಅಷ್ಟೇ. ಆದರೆ ಹರಿಯಬಾರದು ಎಂದು ಹನ್ನೆರಡು ಮಕ್ಕಳು ಟೀಚರ್ ಮುಂದೆ ಆಣೆ ಮಾಡಿದ್ದರು. ಬೋರ್ಡಿನ ಕತೆ ಓಣಿಯಲ್ಲಿ ಆಗಲೇ ಎಲ್ಲರ ಬಾಯಲ್ಲಿತ್ತು. ಇನ್ನು ಇದೂ ಸೇರಿದರೆ ಆಯಿ ಬುಟ್ಟಿ ಹಿಡಿದು ಹೊರಟಾಗಲೆಲ್ಲ ಈ ಮುತ್ತು ಹಿಂದಿನಿಂದ ಕೂಗುತ್ತಾನೆ. ರಜನಿ ತುಟಿ ಕಚ್ಚಿಕೊಂಡಳು.

"ಗೊತ್ತಿಲ್ಲ," ಎಂದಳು.

ಬುಧವಾರ ಸಂಜೆ ಮುತ್ತುವಿನ ಚೆಂಡು ಹಾರಿ ಬಂದು ರಜನಿಯ ಮನೆಯ ಅಂಗಳದಲ್ಲಿ ಬಿತ್ತು. ಆಯಿ ಕಟ್ಟೆಯ ಮೇಲೆ ಕೂತು ಅವರೆಕಾಳು ಹಸನು ಮಾಡುತ್ತಿದ್ದಳು. ರಜನಿ ಪಕ್ಕದಲ್ಲೇ ಕೂತು ನೋಟ್‌ಬುಕ್ಕಿನಲ್ಲಿ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು.

"ಆಯೀ, ಬಾಲ್ ಕೊಡ್ರಿ," ಎಂದು ಗೇಟಿನಾಚೆಯಿಂದ ಮುತ್ತು ಕೂಗಿದ. ರಜನಿಯನ್ನು ಕಂಡ ಕೂಡಲೇ ಅವನ ನಾಲಗೆ ತುರಿಸಿತು. "ಉಳ್ಳಾಗಡ್ಡಿ ಏನ ಮಾಡಾಕತ್ತೈತ್ರಿ?"

"ಯಾವ ಉಳ್ಳಾಗಡ್ಡ್ಯೋ ತಮ್ಮಾ?" ಎಂದಳು ಆಯಿ. ಅವಳಿಗೆ ಕೆಲವೊಮ್ಮೆ ಬೇಡದ ಮಾತೆಲ್ಲ ಚೆನ್ನಾಗಿ ಕೇಳಿಸುತ್ತದೆ.

"ನಿಮ್ಮ ರಜನೀನ್ರಿ! ಕೆರಿ ಹತ್ರ ಹೂ ತೋರಿಸ್ತೇನಂತ ಎಲ್ಲಾರನೂ ಕರಕೊಂಡ ಹೋಗಿ ಉಳ್ಳಾಗಡ್ಡಿ ಮೊಳಕಿ ತೋರಿಸಿದ್ಲು. ಸುತ್ತ ಬಿಳೇ ಕಲ್ಲ ಬ್ಯಾರೆ ಇಟ್ಟು!"

ಕಾಳು ಆರಿಸುತ್ತಿದ್ದ ಆಯಿಯ ಕೈ ನಿಂತಿತು. ಅವಳು ಮುತ್ತುವನ್ನು ನೋಡಿದಳು. ಆಮೇಲೆ ರಜನಿಯ ನೋಟ್‌ಬುಕ್ಕನ್ನು ನೋಡಿದಳು. ಅಲ್ಲಿ ಬಿಳಿ ಎಸಳು, ನಡುವೆ ನೇರಳೆ ಬಣ್ಣ, ಸುತ್ತ ದುಂಡನೆ ಕಲ್ಲು.

ಮುತ್ತು ಚೆಂಡು ತೆಗೆದುಕೊಂಡು ಓಡಿದ ಮೇಲೆ ಆಯಿ ಮೊಮ್ಮಗಳ ಕಡೆ ತಿರುಗಿದಳು.

"ಆ ಕಲ್ಲ ಇಟ್ಟಾಕಿ ನೀನ?"

ರಜನಿ ತಲೆಯಾಡಿಸಿದಳು.

"ಯವ್ವಾ! ನಾ ಹರಕೊಂಡ ಬಂದದ್ದು ನೀ ನೋಡಿದಿ. ಮತ್ತ ನನಗ್ಯಾಕ ಹೇಳಲಿಲ್ಲ?"

"ನೀ ನಗಾಕತ್ತಿದ್ದಿ," ಎಂದಳು ರಜನಿ.

ಆಯಿ ಮೊರವನ್ನು ಪಕ್ಕಕ್ಕೆ ಸರಿಸಿ ಮೊಮ್ಮಗಳನ್ನು ಎದೆಗೆ ಒತ್ತಿಕೊಂಡಳು. ಅವಳ ಸೀರೆಯಲ್ಲಿ ವಿಭೂತಿಯ ವಾಸನೆಯೂ ಅವರೆಕಾಳಿನ ವಾಸನೆಯೂ ಕೂಡಿದ್ದವು. ನಾಲ್ಕು ದಿನದಿಂದ ತಡೆದಿದ್ದ ಅಳು ರಜನಿಗೆ ಈಗ ಬಂದೇಬಿಟ್ಟಿತು.

"ಹುಚ್ಚಿ! ಅಳಬ್ಯಾಡ. ಇನ್ನೊಂದ ಗುಟ್ಟ ಹೇಳ್ತೇನಿ ಕೇಳು. ನೀ ಶನಿವಾರ ನೋಡಿದ ಹೂವನ್ನ ನಾ ಹರದಿಲ್ಲ."

ರಜನಿ ಮುಖ ಎತ್ತಿದಳು.

"ಅದು ಒಂದ ದಿನದ ಹೂವು. ಮುಂಜಾನಿ ಅರಳಿ ಸಂಜಿಕ್ಕ ಬಾಡತೈತಿ. ನೀ ನೋಡಿದ್ದು ಶನಿವಾರದ್ದು. ನಾ ತಂದದ್ದು ರವಿವಾರದ್ದು. ನೆಲದಾಗ ಇನ್ನೂ ಮೊಗ್ಗಿ ಇರತಾವ, ಒಂದಾದ ಮ್ಯಾಲ ಒಂದು ಏಳತಾವ."

"ಅಂದ್ರ ಆ ಉಳ್ಳಾಗಡ್ಡಿ..."

"ಅವ ಮೊಗ್ಗಿ!" ಆಯಿ ಗೊಳ್ಳೆಂದು ನಕ್ಕಳು. "ಆ ಹುಡುಗಗ ಹೇಳು, ನಮ್ಮ ಶಿವಗ ನಾ ಉಳ್ಳಾಗಡ್ಡಿ ಏರಿಸೂದಿಲ್ಲಂತ!"

ರಜನಿಗೆ ಅಳುತ್ತಲೇ ನಗು ಬಂತು. ಮೂಗಿನಿಂದ ಗುಳ್ಳೆಯೂ ಬಂತು. ಇಬ್ಬರೂ ಇನ್ನಷ್ಟು ನಕ್ಕರು.

ಆದರೆ ರವಿವಾರದವರೆಗೆ ಮೊಗ್ಗು ಉಳಿಯಬೇಕಲ್ಲ? ಮರುದಿನದಿಂದ ಅಜ್ಜಿ ಮೊಮ್ಮಗಳು ಸಂಜೆ ಸಂಜೆ ಅಲ್ಲಿಗೆ ಹೋಗಿ ನೋಡತೊಡಗಿದರು. ಗುರುವಾರ ಎರಡು ಬಾಡಿದ ಹೂಗಳು, ಎರಡು ಮೊಗ್ಗುಗಳು. ಶುಕ್ರವಾರ ಒಂದೇ ಮೊಗ್ಗು. ಶನಿವಾರ ಬಿಸಿಲೆಂದರೆ ಬಿಸಿಲು, ನೆಲ ಬಿರಿಯುವಂತಿತ್ತು. ಇವರು ಹೋದಾಗ ಆ ಒಂದು ಮೊಗ್ಗು ಇನ್ನೂ ಬಿಗಿಯಾಗಿ ಬಾಯಿ ಮುಚ್ಚಿಕೊಂಡೇ ಇತ್ತು. ಬೇರೆ ಮೊಗ್ಗು ಎಲ್ಲೂ ಕಾಣಲಿಲ್ಲ.

"ನಾಳೆ ಅರಳತೈತಿ?"

"ಅರಳಬೌದು. ಅರಳದನೂ ಇರಬೌದು," ಎಂದಳು ಆಯಿ. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಆಯಿಗಿಲ್ಲ. ಬಾಟಲಿಯಲ್ಲಿದ್ದ ನೀರನ್ನು ಮೊಗ್ಗಿನ ಪಕ್ಕಕ್ಕೆ ನಿಧಾನವಾಗಿ ಸುರಿದಳು. ಆಮೇಲೆ, "ನಾಳೆ ನಿಮ್ಮ ಗುಂಪಿನ್ಯಾಗ ನಾನೂ ಬರ್ಲೇನು?" ಎಂದು ಕೇಳಿದಳು. ಶಾಲೆಗೆ ಸೇರಿಸಿಕೊಳ್ಳಿ ಎಂದು ಕೇಳುವ ಚಿಕ್ಕ ಹುಡುಗಿಯ ಹಾಗೆ ಕೇಳಿದಳು.

"ಬಾ," ಎಂದಳು ರಜನಿ. ಒಂದು ಹೆಜ್ಜೆ ನಡೆದು ಹಿಂದೆ ತಿರುಗಿದಳು. "ಆದ್ರ ಆಯಿ, ಹರೀಬಾರದು."

"ಹರ್ಯೂದಿಲ್ಲ."

"ಯಾವ ಹೂವನ್ನೂ."

"ಶಿವಾ! ಹರ್ಯೂದಿಲ್ಲಂದ್ನೆಲ್ಲ!"

ಆಯಿ ಒಪ್ಪಿದಳು ನಿಜ. ಆದರೆ ಆಯಿಯ ಕೈ ಒಪ್ಪಬೇಕಲ್ಲ! ರವಿವಾರ ಮುಂಜಾನೆ ಓಣಿಯ ಮೂಲೆ ದಾಟುವಷ್ಟರಲ್ಲೇ ಆ ಕೈ ಗೋವಿಂದಪ್ಪ ಮಾಸ್ತರರ ದಾಸವಾಳದ ಕಡೆ ತಾನಾಗಿ ಎದ್ದಿತು. "ಆಯೀ!" ಎಂದಳು ರಜನಿ. ಕೈ ಇಳಿಯಿತು. ಕೆರೆಯ ದಂಡೆಗೆ ಬಂದಾಗ ಎಕ್ಕೆಯ ಕಡೆ ಎದ್ದಿತು. "ಆಯೀ!" ಕೊನೆಗೆ ರಜನಿ ಒಂದು ಉಪಾಯ ಮಾಡಿದಳು. ಆಯಿಯ ಎಡಗೈಯಲ್ಲಿ ಬುಟ್ಟಿ ಇತ್ತು, ಯಾಕೆಂದರೆ ಬುಟ್ಟಿ ಇಲ್ಲದೆ ಹೊರಗೆ ಹೊರಟರೆ ಆಯಿಗೆ ನಡಿಗೆಯೇ ಬರುವುದಿಲ್ಲ. ಬಲಗೈಯನ್ನು ರಜನಿ ತಾನೇ ಗಟ್ಟಿಯಾಗಿ ಹಿಡಿದುಕೊಂಡಳು.

ಸುಕನ್ಯಾ ಟೀಚರ್ ಮತ್ತು ಮಕ್ಕಳು ಕೆರೆಯ ಮೆಟ್ಟಿಲ ಹತ್ತಿರ ಕಾಯುತ್ತಿದ್ದರು.

"ನಮಸ್ಕಾರ್ರೀ ಅಕ್ಕಾವ್ರ," ಎಂದಳು ಆಯಿ. "ನಾನೂ ಬರತೇನ್ರಿ. ಮೊದ್ಲ ಒಂದ ಮಾತ ಹೇಳಬೇಕ್ರಿ ಎಲ್ಲಾರಿಗೂ."

ರಜನಿ ಆಯಿಯ ಕೈ ಜಗ್ಗಿದಳು. ಬೇಡ ಎಂದು ಕಣ್ಣಲ್ಲೇ ಹೇಳಿದಳು. ಆಯಿ ಕೇಳಲಿಲ್ಲ.

"ನಮ್ಮ ರಜನಿ ಸುಳ್ಳ ಹೇಳಿಲ್ಲ. ಹೂ ಇತ್ತು. ನೀವು ಬರೂಕಿಂತ ಮೊದಲ ಪೂಜಿಗಂತ ಹರಕೊಂಡ ಹೋದಾಕಿ ನಾನು. ನನ್ನ ಹೆಸರ ಹೇಳಬಾರದಂತ ಈ ಹುಡುಗಿ ಒಂದ ವಾರ ನಿಮ್ಮ ಕಡೆ ಅನ್ನಿಸ್ಕೊಂಡಾಳ."

ಯಾರೂ ನಗಲಿಲ್ಲ. ಮುತ್ತು ತನ್ನ ಚಪ್ಪಲಿಯ ತುದಿಯನ್ನೇ ಬಹಳ ಹೊತ್ತು ನೋಡಿದ. ಹುಲಗೇಶ ಮೂಗು ಒರೆಸಿಕೊಂಡ. ಸುಕನ್ಯಾ ಟೀಚರ್ ರಜನಿಯ ತಲೆಯ ಮೇಲೆ ಕೈಯಿಟ್ಟು, "ಬರ್ರಿ ಆಯಿ, ನೀವ ಮುಂದ ನಡೀರಿ," ಎಂದರು.

ಆಯಿ ಮುಂದೆ ನಡೆದದ್ದೇ ತಡ, ಆ ದಿನದ ಸುತ್ತಾಟದ ಬಣ್ಣವೇ ಬದಲಾಯಿತು. ಇಷ್ಟು ದಿನ 'ಹೆಸರು ಗೊತ್ತಿಲ್ಲ' ಎಂದು ಬರೆದಿದ್ದ ಹೂಗಳಿಗೆಲ್ಲ ಆಯಿ ನಡೆಯುತ್ತಲೇ ಹೆಸರು ಹೇಳತೊಡಗಿದಳು. ಇದು ಕವಳಿ ಹೂವು, ಇನ್ನೊಂದು ತಿಂಗಳಿಗೆ ಹಣ್ಣಾಗತೈತಿ, ಮುಳ್ಳ ಐತಿ, ಹುಷಾರು. ಇದು ಹುಲಗಲ, ಹೊಂಗಿ ಅಂತಾರಲ್ಲ ಅದ, ಇದರ ಕೆಳಗ ಕುಂತ್ರ ಹೂವ ತಲೀಮ್ಯಾಲ ಅಕ್ಕಿಕಾಳು ಹಾಕತಾವ. ಇದು ತುಂಬಿ, ಇಷ್ಟ ಸಣ್ಣದಿದ್ರೂ ಶಿವಗ ಭಾಳ ಪ್ರೀತಿ. ಹಳದಿ ಗೊಂಚಲು ಇಳಿಬಿಟ್ಟ ಕಕ್ಕೆ ಮರದ ಕೆಳಗಂತೂ ಮಕ್ಕಳೆಲ್ಲ ಕುಣಿದುಬಿಟ್ಟರು.

"ಆಯೀ, ಇದ್ಯಾವದ್ರಿ?"

"ಆಯೀ, ಇಲ್ಲೆ ನೋಡ್ರಿ, ಇಲ್ಲೆ!"

ಟೀಚರಿಗೆ ಬರೆದು ಬರೆದು ಕೈ ನೋಯುತ್ತಿತ್ತು. "ಸಾವಕಾಶ ಹೇಳ್ರಿ ಆಯಿ," ಎಂದು ಅವರೂ ಮಕ್ಕಳ ಹಿಂದೆ ಓಡುತ್ತಿದ್ದರು.

ಮುತ್ತು ತನ್ನ ಬಿಸ್ಕತ್ತಿನ ಪುಡಿಕೆ ಬಿಚ್ಚಿ ಮೊದಲು ಆಯಿಯ ಮುಂದೆ ಹಿಡಿದ. ಅವನಿಗೆ ತಪ್ಪಾಯಿತು ಎನ್ನಲು ಬೇರೆ ದಾರಿ ತಿಳಿದಿರಲಿಲ್ಲ.

"ಬ್ಯಾಡಪಾ. ನಂದು ಇನ್ನೂ ಪೂಜಿ ಆಗಿಲ್ಲ. ಪೂಜಿ ಆಗದ ನೀರ ಸೈತ ಮುಟ್ಟೂದಿಲ್ಲ."

ರಜನಿ ಥಟ್ಟನೆ ಆಯಿಯ ಮುಖ ನೋಡಿದಳು. ಬಿಸಿಲು ಏರುತ್ತಿತ್ತು. ಹೂ ಹರಿಯುವುದಿಲ್ಲ ಎಂದು ಮಾತು ಕೊಟ್ಟಿದ್ದಕ್ಕೆ ಆಯಿಯ ಬುಟ್ಟಿ ಇವತ್ತು ಖಾಲಿ. ಬುಟ್ಟಿ ಖಾಲಿ ಎಂದರೆ ಪೂಜೆಗೆ ಹೂ ಇಲ್ಲ. ಮನೆಯಲ್ಲಿ ಅಪ್ಪ ಚಹಾ ಕುಡಿ ಎಂದಾಗಲೂ ಆಯಿ ಬಂದು ಕುಡಿಯುತ್ತೇನೆ ಎಂದಿದ್ದಳು. ಇದೆಲ್ಲ ರಜನಿಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಗಾಳಿ ಬೀಸಿತು. ಘಮ್!

ರಜನಿ ಆಯಿಯ ಕೈ ಹಿಡಿದುಕೊಂಡೇ ಓಡಿದಳು. ಆಯಿಯೂ ಓಡಿದಳು, ಅವಳ ವಯಸ್ಸಿಗೆ ಅದನ್ನು ಓಟ ಎಂದೇ ಹೇಳಬೇಕು. ಸಾಗವಾನಿ ಮರದ ಕೆಳಗೆ, ಬಿಳಿ ಕಲ್ಲುಗಳ ನಡುವೆ, ಆ ಕೊನೆಯ ಮೊಗ್ಗು ಬಾಯಿ ತೆರೆದು ಅರಳಿ ಕೂತಿತ್ತು. ಎಲೆಯಿಲ್ಲ, ಟೊಂಗೆಯಿಲ್ಲ. ನೆಲದಿಂದ ಸೀದಾ ಹೂವೇ.

"ಅಬ್ಬಾ!" ಎಂದ ಮುತ್ತು. ಅವನು ನೆಲಕ್ಕೆ ಮೂಗು ತಾಕುವಷ್ಟು ಬಗ್ಗಿ ವಾಸನೆ ನೋಡಿ, "ರಜನೀ, ಖರೇನ ಐತಲ್ಲ!" ಎಂದ. ಹನ್ನೆರಡು ಮಕ್ಕಳೂ ಒಬ್ಬರಾದ ಮೇಲೆ ಒಬ್ಬರು ಬಗ್ಗಿದರು. ನೆಗಡಿಯ ಹುಲಗೇಶ, "ನನಗೂ ವಾಸನಿ ಬಂತು!" ಎಂದು ಕೂಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ರಜನಿ ಮಾತ್ರ ಆಯಿಯನ್ನೇ ನೋಡುತ್ತಿದ್ದಳು. ಆಯಿ ಹೂವಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಮುಖದ ಮೇಲೆ ಹೋದ ರವಿವಾರದ್ದೇ ನಗು ಇತ್ತು. ರಜನಿಯ ಹಿಡಿತದೊಳಗೆ ಅವಳ ಬಲಗೈ ಸಣ್ಣಗೆ ಅಲುಗಿತು.

ರಜನಿ ಟೀಚರ್ ಕಡೆ ನೋಡಿದಳು. ಪುಸ್ತಕದ ಕಡೆ ನೋಡಿದಳು. ಆಮೇಲೆ ಆಯಿಯ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು:

"ಹರಕೋ ಆಯಿ. ಎಲ್ಲಾರೂ ನೋಡಿದ್ರಲ್ಲ." ಹೇಳಿ, ಹಿಡಿದಿದ್ದ ಕೈಯನ್ನು ಬಿಟ್ಟಳು.

ಆಯಿ ಮೊಮ್ಮಗಳ ಮುಖವನ್ನು ನೋಡಿದಳು. ಬಲಗೈ ಎದ್ದಿತು. ಹೂವಿನವರೆಗೆ ಹೋಯಿತು. ಆ ಕೈ ಹೂವಿನ ಮೇಲೆ ಬಿದ್ದಿದ್ದ ಒಂದು ಒಣ ಕಸವನ್ನು ಎತ್ತಿ ಪಕ್ಕಕ್ಕೆ ಹಾಕಿ ವಾಪಸ್ಸು ಬಂತು.

"ಇಷ್ಟ ದಿನ ಹೂವನ್ನ ಲಿಂಗದ ಹತ್ರ ಒಯ್ದೆ," ಎಂದಳು ಆಯಿ. "ಇವತ್ತ ಲಿಂಗನ ಹೂವಿನ ಹತ್ರ ಬಂದೈತಿ. ಅಕ್ಕಾವ್ರ, ಒಂದ ಐದ ಮಿನಿಟ ಕುಂದ್ರಲೇನ್ರಿ?"

ಟೀಚರ್ ಚಪ್ಪಲಿ ಕಳಚಿ ನಿಂತರು. ಅದನ್ನು ನೋಡಿ ಮಕ್ಕಳೂ ಚಪ್ಪಲಿ ಕಳಚಿದರು.

ಆಯಿ ಕಾಲು ಮಡಚಿ ಎಲೆಗಳ ಮೇಲೆ ಕೂತಳು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ತೆರೆದು ಲಿಂಗವನ್ನು ಎಡಗೈಗೆ ತೆಗೆದುಕೊಂಡಳು. ಹಣೆಗೂ ಲಿಂಗಕ್ಕೂ ವಿಭೂತಿ ಹಚ್ಚಿದಳು. ಆಮೇಲೆ ಆ ಅಂಗೈಯನ್ನು ಕೆಳಗಿಳಿಸಿ ನೆಲಕ್ಕೆ ತಾಕಿಸಿದಳು. ಹೂವಿನ ಒಂದು ಬಿಳಿ ಎಸಳು ಲಿಂಗದ ಮೇಲೆ ಬಾಗಿತು. ಆಯಿ ಕಣ್ಣು ಮುಚ್ಚಿದಳು.

ಮಾತಿನ ಮಲ್ಲ ಮುತ್ತು ಕೂಡ ಬಾಯಿ ಮುಚ್ಚಿಕೊಂಡು ನಿಂತಿದ್ದ. ಅವನ ಹೊಟ್ಟೆ ಮಾತ್ರ ಒಮ್ಮೆ ಗುರ್ ಎಂದಿತು. ಯಾರೂ ನಗಲಿಲ್ಲ, ನಗು ತಡೆದುಕೊಂಡರು ಅಷ್ಟೇ.

ಕಣ್ಣು ಬಿಟ್ಟ ಆಯಿ ಮೊದಲು ಕೇಳಿದ್ದೇ ಅವನನ್ನು. "ಎಲ್ಲೈತೋ ತಮ್ಮಾ ನಿನ್ನ ಬಿಸ್ಕೀಟು? ಈಗ ಕೊಡು. ಹೊಟ್ಟಿ ಚುರ್ ಅನ್ನಾಕತ್ತೈತಿ."

ಮುತ್ತು ಇಡೀ ಪುಡಿಕೆಯನ್ನೇ ಕೊಟ್ಟುಬಿಟ್ಟ.

ಎಲ್ಲರೂ ಅಲ್ಲೇ ಕೂತು ತಿಂದರು. ಸುಕನ್ಯಾ ಟೀಚರ್ ಪುಸ್ತಕ ತೆರೆದು ಹೊಸ ಸಾಲಿನಲ್ಲಿ 'ನೆಲಸಂಪಿಗೆ' ಎಂದು ಬರೆದು, ಪೆನ್ನನ್ನು ರಜನಿಯ ಕೈಗೆ ಕೊಟ್ಟರು. "ಮೊದಲು ಕಂಡವರು, ಇಲ್ಲೆ ನೀನ ಬರಿ."

ಆರು ರವಿವಾರದಿಂದ ಕಾಯುತ್ತಿದ್ದ ಜಾಗ ಅದು. ರಜನಿ ನಾಲಗೆ ಕಚ್ಚಿಕೊಂಡು ದುಂಡಗಿನ ಅಕ್ಷರದಲ್ಲಿ 'ರಜನಿ' ಎಂದು ಬರೆದಳು. ನೋಡಿದಳು. ಹೆಸರು ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ಗೆರೆಯಲ್ಲಿ ಇನ್ನೂ ಜಾಗ ಉಳಿದಿತ್ತು. ಅವಳು ಮತ್ತೆ ಬಗ್ಗಿ, 'ಮತ್ತು ಗೌರಕ್ಕ, ಮುಗದ' ಎಂದು ಸೇರಿಸಿದಳು.

"ಆಯಿ ಊರು ಕೆಲಗೇರಿ ಅಲ್ಲೇನು?" ಎಂದ ಹುಲಗೇಶ.

"ಆಯಿ ಇದನ್ನ ನೋಡಿದಾಗ ಮುಗದದಾಗಿದ್ಲು," ಎಂದಳು ರಜನಿ. "ನನ್ನಷ್ಟಾಕಿ ಇದ್ಲು."

ಹೊರಡುವಾಗ ಮುತ್ತುವೇ ಜರುಗಿದ್ದ ಎರಡು ಕಲ್ಲುಗಳನ್ನು ಸರಿಯಾಗಿ ಜೋಡಿಸಿದ. "ಬರೂ ವರ್ಷ ಮತ್ತ ಏಳತೈತೇನ್ರಿ ಆಯಿ?" ಎಂದು ಕೇಳಿದ.

"ಏಳತೈತಿ. ಗಡ್ಡಿ ಒಳಗ ಐತಲ್ಲ."

"ಗಡ್ಡಿ?" ಮುತ್ತುವಿನ ಕಣ್ಣು ಹೊಳೆಯಿತು. "ಅಂದ್ರ ನಾ ಹೇಳಿದ್ದೂ ಪೂರಾ ಸುಳ್ಳಲ್ಲ ಬಿಡು!"

ಆಯಿ ನಕ್ಕಿದ್ದೇ ಎಲ್ಲರಿಗಿಂತ ಜೋರಾಗಿ.

ಮನೆಯ ದಾರಿಯಲ್ಲಿ ಎಕ್ಕೆ ಬಂತು, ಗೋವಿಂದಪ್ಪ ಮಾಸ್ತರರ ದಾಸವಾಳವೂ ಬಂತು. ರಜನಿ ಆಯಿಯ ಕೈಯನ್ನು ಕಾಯಲಿಲ್ಲ. "ಬುಟ್ಟಿ ನನ್ನ ಕಡೆ ಕೊಡು, ನೀ ದಣದಿ," ಎಂದು ಇಸಿದುಕೊಂಡಳು. ಹಳೆಯ ಬೆತ್ತದ ಬುಟ್ಟಿ, ಒಳಗೆ ಒಂದು ಎಸಳೂ ಇರಲಿಲ್ಲ. ಆದರೂ ಆಯಿ ದಿನವೂ ಹಿಡಿಯುವ ಹಾಗೆಯೇ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಳಗಿದ್ದದ್ದು ಚೆಲ್ಲಬಾರದೆಂಬಂತೆ ನಿಧಾನವಾಗಿ ನಡೆದಳು.